ಆಲ್‌ಫ್ರೆಡ್ ಬಿನೆ: ಬುದ್ಧಿಯನ್ನು ಅಳೆದವನ ಬಾಳು

ಶಾಲೆಯಲ್ಲಿ ಅತ್ಯಂತ ಅಗ್ಗವಾಗಿ ದೊರೆಯುವ ವಸ್ತು ಯಾವುದೆಂದು ಯಾರಾದರೂ ಕೇಳಿದರೆ, ದಡ್ಡನೆಂಬ ಬಿರುದು ಎಂದು ನಾನು ಉತ್ತರ ಕೊಡುವೆನು. ಅದನ್ನು ದಯಪಾಲಿಸುವುದಕ್ಕೆ ಸಾಕ್ಷಿ ಬೇಕಿಲ್ಲ, ವಿಚಾರಣೆ ಬೇಕಿಲ್ಲ. ಮಗ್ಗಿ ಒಪ್ಪಿಸುವಾಗ ತಡವರಿಸಿದ ಹುಡುಗನಿಗೆ ಬೆಳಗ್ಗೆ ದೊರೆತ ಬಿರುದು ಸಂಜೆಯೊಳಗೆ ಕೇರಿಗೆಲ್ಲ ತಿಳಿದಿರುತ್ತದೆ. ಎಷ್ಟೋ ವೇಳೆ ಅವನ ಮೀಸೆ ನರೆತ ಮೇಲೂ ಅದು ಅವನನ್ನು ಬಿಡುವುದಿಲ್ಲ. ಆ ಹುಡುಗನಿಗೆ ಕಿವಿ ಮಂದವಿದ್ದೀತು. ಹಸಿದ ಹೊಟ್ಟೆಯಲ್ಲಿ ಶಾಲೆಗೆ ಬಂದಿದ್ದಾನು. ಮನೆಯಲ್ಲಿ ಆಡುವ ಮಾತೇ ಬೇರೆ, ಪುಸ್ತಕದ ಮಾತೇ ಬೇರೆ ಆಗಿದ್ದೀತು. ಅಥವಾ ನಿಜವಾಗಿಯೂ ಅವನ ಬುದ್ಧಿ ವಯಸ್ಸಿಗೆ ತಕ್ಕಂತೆ ಬೆಳೆಯದೆ, ಬೇರೊಂದು ಬಗೆಯ ಬೋಧನೆ ಅವನಿಗೆ ಅಗತ್ಯವಾಗಿದ್ದೀತು. ಇವುಗಳಲ್ಲಿ ಯಾವುದು ನಿಜವೆಂಬುದನ್ನು ಊಹೆಯಿಂದಲ್ಲ, ಪರೀಕ್ಷೆಯಿಂದ ತಿಳಿಯಬೇಕೆಂದು ಹಠ ಹಿಡಿದು, ಅದಕ್ಕೊಂದು ಮಾರ್ಗವನ್ನು ಹಾಕಿಕೊಟ್ಟವನು ಫ್ರಾನ್ಸಿನ ಆಲ್‌ಫ್ರೆಡ್ ಬಿನೆ.

ಮನಶ್ಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಅವನ ಹೆಸರು ಒಂದು ಕೋಷ್ಟಕದ ತಲೆಯ ಮೇಲೆ ಅಚ್ಚಾಗಿರುತ್ತದೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ನಾನೂ ಅವನನ್ನು ಮೊದಲು ಅರಿತದ್ದು ಹಾಗೆಯೇ. ಕೋಷ್ಟಕದ ಹಿಂದಿರುವ ಮನುಷ್ಯನ ಬಾಳನ್ನು ಓದಿದ ಮೇಲೆ ಮಾತ್ರ, ಅವನು ನಿರ್ಮಿಸಿದ ಅಳತೆಗೋಲಿಗಿಂತ ಅವನಲ್ಲಿದ್ದ ಸಂಶಯಬುದ್ಧಿಯೇ ದೊಡ್ಡದೆಂದು ನನಗೆ ತೋರಿತು. ಬಲ್ಲವನ ಕಣ್ಣೂ ಮೋಸಹೋಗುವುದೆಂಬುದನ್ನು ಅವನು ತನ್ನ ಮೈಮೇಲೆಯೇ ಬರೆ ಎಳೆಸಿಕೊಂಡು ಕಲಿತವನು.

ಬಿನೆ ಹುಟ್ಟಿದುದು 1857ರ ಜುಲೈ ತಿಂಗಳಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯ ನೀಸ್ ಪಟ್ಟಣದಲ್ಲಿ. ಆಗ ಆ ಊರು ಸಾರ್ಡಿನಿಯ ರಾಜ್ಯಕ್ಕೆ ಸೇರಿದ್ದಿತು. ಮೂರು ವರ್ಷಗಳ ತರುವಾಯ ಫ್ರಾನ್ಸಿನ ಪಾಲಾಯಿತು. ತಂದೆ ವೈದ್ಯ, ತಾಯಿ ಚಿತ್ರಕಲಾವಿದೆ. ಇಬ್ಬರೂ ಬೇರೆಯಾದುದರಿಂದ ಮಗು ಬೆಳೆದುದು ತಾಯಿಯ ಆಶ್ರಯದಲ್ಲಿ. ಅಂಜುಬುರುಕನಾದ ಮಗನ ಭಯವನ್ನು ಬಿಡಿಸಲೆಂದು ತಂದೆ ಅವನಿಗೆ ಹೆಣವನ್ನು ತೋರಿಸಿದನೆಂದೂ, ಅದರಿಂದ ಹುಡುಗನ ದಿಗಿಲು ಮತ್ತಷ್ಟು ಹೆಚ್ಚಿತೆಂದೂ ಚರಿತ್ರಕಾರರು ಹೇಳುತ್ತಾರೆ. ಪ್ಯಾರಿಸ್ಸಿನ ಹೆಸರಾಂತ ಲೂಯಿ-ಲ-ಗ್ರಾಂ ಶಾಲೆಯಲ್ಲಿ ಓದಿ, 1878ರಲ್ಲಿ ಕಾನೂನಿನ ಪದವಿ ಪಡೆದನು. ಆದರೆ ವಕೀಲಿಯಲ್ಲಿ ಮನಸ್ಸು ನಿಲ್ಲಲಿಲ್ಲ. ವೈದ್ಯವಿದ್ಯೆಗೆ ಕೈಹಾಕಿ ಅದನ್ನೂ ಮುಗಿಸದೆ ಬಿಟ್ಟನು. ಕೊನೆಗೆ ಅವನಿಗೆ ನೆಲೆ ದೊರೆತುದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ. ಯಾವ ಗುರುವೂ ಇಲ್ಲದೆ, ಜಾನ್ ಸ್ಟೂಅರ್ಟ್ ಮಿಲ್ ಮೊದಲಾದವರ ಗ್ರಂಥಗಳನ್ನೇ ಗುರುವೆಂದು ತಿಳಿದು, ಮನಶ್ಶಾಸ್ತ್ರವನ್ನು ತಾನೇ ಓದಿಕೊಂಡನು. 1880ರಲ್ಲಿ ಅವನ ಮೊದಲ ಲೇಖನ ಪ್ರಕಟವಾಯಿತು. ಅದರಲ್ಲಿ ಹೊಸದೇನೂ ಇಲ್ಲವೆಂದು ಬೆಲ್ಜಿಯಂ ದೇಶದ ಡೆಲ್ಬೆಫ್ ಎಂಬ ಪಂಡಿತನು ಕಟುವಾಗಿ ಟೀಕಿಸಿದನು. ಈ ಡೆಲ್ಬೆಫನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಬಿನೆಯ ಬಾಳಿನಲ್ಲಿ ಅವನು ಇನ್ನೊಮ್ಮೆ ಬರುತ್ತಾನೆ.

1883ರಲ್ಲಿ ಬಿನೆ ಸಾಲ್ಪೆಟ್ರಿಯೇರ್ ಆಸ್ಪತ್ರೆಯನ್ನು ಸೇರಿದನು. ಆ ಆಸ್ಪತ್ರೆಯಲ್ಲಿ ಶಾರ್ಕೊ ಎಂಬ ಮಹಾವೈದ್ಯನ ಪ್ರಭುತ್ವವು ಅಪ್ರತಿಹತವಾಗಿದ್ದ ಕಾಲವದು. ಹಿಸ್ಟೀರಿಯ ರೋಗಿಗಳನ್ನು ಸಂಮೋಹನ ನಿದ್ರೆಗೆ ಒಳಪಡಿಸಿ ಅವನು ತೋರಿಸುತ್ತಿದ್ದ ಪ್ರಯೋಗಗಳನ್ನು ನೋಡಲು ಯೂರೋಪಿನ ಮೂಲೆಮೂಲೆಯಿಂದ ಜನ ಬರುತ್ತಿದ್ದರು. ಬಿನೆಯೂ ಅವನ ಸಹೋದ್ಯೋಗಿ ಫೆರೆಯೂ ಅಲ್ಲಿ ಒಂದು ಅದ್ಭುತವನ್ನು ಕಂಡಂತೆ ಭಾವಿಸಿದರು. ರೋಗಿಯ ದೇಹದ ಬಳಿ ಅಯಸ್ಕಾಂತವನ್ನಿಟ್ಟರೆ ಬಲಗೈಯ ಜಡತ್ವವು ಎಡಗೈಗೆ ದಾಟುತ್ತಿದ್ದಿತು. ಒಂದು ಭಾವವು ತನ್ನ ವಿರುದ್ಧಭಾವಕ್ಕೆ ತಿರುಗುತ್ತಿದ್ದಿತು. ಇಬ್ಬರೂ ಇದನ್ನು ಉತ್ಸಾಹದಿಂದ ಲೋಕಕ್ಕೆ ಸಾರಿದರು. ಆಗ ಡೆಲ್ಬೆಫ್ ಸ್ವತಃ ಪ್ಯಾರಿಸ್ಸಿಗೆ ಬಂದು ಪ್ರಯೋಗವನ್ನು ನೋಡಿದನು. ರೋಗಿಯ ಎದುರಿನಲ್ಲಿಯೇ, ಅವಳ ಕಿವಿಗೆ ಬೀಳುವಂತೆ, ಮುಂದೆ ಏನಾಗಬೇಕೆಂಬುದನ್ನು ವೈದ್ಯರು ಮಾತಾಡಿಕೊಳ್ಳುತ್ತಿದ್ದರು; ಅಯಸ್ಕಾಂತವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಇಡುತ್ತಿದ್ದರು. ಊರಿಗೆ ಮರಳಿ, ಎಚ್ಚರಿಕೆಯಿಂದ ಅದೇ ಪ್ರಯೋಗವನ್ನು ಮಾಡಿದಾಗ, ಅದ್ಭುತವೆಲ್ಲ ಮಾಯವಾಯಿತು. ಅಯಸ್ಕಾಂತದಲ್ಲಿ ಏನೂ ಇರಲಿಲ್ಲ. ಇದ್ದುದೆಲ್ಲ ಪರೀಕ್ಷಕನ ಸೂಚನೆಯಲ್ಲಿ. ಪರೀಕ್ಷಕನು ಬಯಸಿದುದನ್ನೇ ರೋಗಿಯು ಮಾಡಿ ತೋರಿಸುತ್ತಿದ್ದಳು.

ಬಿನೆ ಮೊದಲು ವಾದಿಸಿದನು, ಸಿಟ್ಟಾದನು. ಆದರೆ ಕೆಲವು ವರ್ಷಗಳಲ್ಲಿ ಸೋಲನ್ನು ಬಹಿರಂಗವಾಗಿ ಒಪ್ಪಿಕೊಂಡು ಆಸ್ಪತ್ರೆಯಿಂದ ಹೊರಬಂದನು. ವಿದ್ವಾಂಸನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಆದರೆ ಈ ಪೆಟ್ಟು ತಿಂದ ಬಿನೆ ಮನೆಯಲ್ಲಿ ಮುಖಮುಚ್ಚಿ ಕೂಡಲಿಲ್ಲ. ಪರೀಕ್ಷಕನ ಮಾತು, ನೋಟ, ನಿರೀಕ್ಷೆ ಇವು ಪರೀಕ್ಷೆಗೆ ಒಳಗಾದವರನ್ನು ಹೇಗೆ ವಂಚಿಸುತ್ತವೆ, ಪರೀಕ್ಷಕನನ್ನೂ ಹೇಗೆ ವಂಚಿಸುತ್ತವೆ ಎಂಬುದನ್ನೇ ಅಧ್ಯಯನದ ವಸ್ತುವಾಗಿ ಮಾಡಿಕೊಂಡು, 1900ರಲ್ಲಿ ಅದರ ಮೇಲೆ ಒಂದು ಗ್ರಂಥವನ್ನೇ ಬರೆದನು.

ಆಸ್ಪತ್ರೆಯನ್ನು ಬಿಟ್ಟವನಿಗೆ ಪ್ರಯೋಗಶಾಲೆ ಮನೆಯಲ್ಲಿಯೇ ಇದ್ದಿತು. 1884ರಲ್ಲಿ ಅವನು ಪ್ರಾಣಿಶಾಸ್ತ್ರಜ್ಞ ಬಾಲ್ಬಿಯಾನಿಯ ಮಗಳು ಲೋರ್‌ಳನ್ನು ಮದುವೆಯಾಗಿದ್ದನು. ಮದ್‌ಲೆನ್, ಆಲಿಸ್ ಎಂಬ ಎರಡು ಹೆಣ್ಣುಮಕ್ಕಳು ಹುಟ್ಟಿದ್ದರು. ಬಿನೆ ಈ ಮಕ್ಕಳ ಎದುರು ಕುಳಿತು ಗೆರೆಗಳನ್ನು ತೋರಿಸಿ ಯಾವುದು ಉದ್ದವೆಂದು ಕೇಳಿದನು. ಚಾಕು ಎಂದರೇನು, ಕುದುರೆ ಎಂದರೇನು ಎಂದು ಕೇಳಿದನು. ಬುದ್ಧಿಯನ್ನು ಕಣ್ಣು ಕಿವಿಗಳ ಚುರುಕಿನಿಂದ ಅಳೆಯಬಹುದೆಂದು ಇಂಗ್ಲೆಂಡಿನ ಗಾಲ್ಟನ್ ಮೊದಲಾದವರು ನಂಬಿದ್ದ ಕಾಲವದು. ಆದರೆ ಗೆರೆಯ ಉದ್ದವನ್ನು ತೂಗಿ ನೋಡುವುದರಲ್ಲಿ ಪುಟ್ಟ ಮಗು ದೊಡ್ಡವರಿಗೆ ಹೆಚ್ಚು ಹಿಂದೆ ಬೀಳಲಿಲ್ಲ. ಅಂತರ ಕಂಡುದು ಗಮನವನ್ನು ಹಿಡಿದು ನಿಲ್ಲಿಸುವುದರಲ್ಲಿ, ಪದಕ್ಕೆ ಅರ್ಥ ಹೇಳುವುದರಲ್ಲಿ. ಚಾಕು ಕೊಯ್ಯುವುದಕ್ಕೆ, ಕುದುರೆ ಸವಾರಿಗೆ. ಮಗುವಿನ ಲೋಕದಲ್ಲಿ ವಸ್ತುವೆಂದರೆ ಅದರ ಉಪಯೋಗ. ಇದಲ್ಲದೆ ಒಂದೇ ತಾಯಿಯ ಮಡಿಲಲ್ಲಿ ಬೆಳೆದ ಆ ಇಬ್ಬರಲ್ಲಿ ಒಬ್ಬಳು ಕಂಡುದನ್ನು ಕಂಡಂತೆ ಗಮನಿಸುವವಳು, ಇನ್ನೊಬ್ಬಳು ಕಲ್ಪನೆಯಲ್ಲಿ ವಿಹರಿಸುವವಳು. ಇವರಲ್ಲಿ ಯಾರು ಜಾಣೆ? ಈ ಪ್ರಶ್ನೆಯನ್ನು ಕೇಳುವುದೇ ತಪ್ಪೆಂದು ತಂದೆಗೆ ಅರಿವಾಯಿತು. ಬುದ್ಧಿಗೆ ನಾನಾ ಮುಖಗಳುಂಟೆಂಬ ಈ ಅರಿವನ್ನು ಅವನು 1903ರ ತನ್ನ ಗ್ರಂಥದಲ್ಲಿ ವಿಸ್ತರಿಸಿದನು.

1891ರಲ್ಲಿ ರುವಾಂ ಪಟ್ಟಣದ ರೈಲು ನಿಲ್ದಾಣದಲ್ಲಿ ಬಿನೆಗೆ ಬೋನಿಯ ಭೇಟಿಯಾಯಿತು. ಬೋನಿ ಸಾರ್ಬಾನಿನ ಮನಶ್ಶಾಸ್ತ್ರ ಪ್ರಯೋಗಶಾಲೆಯ ಮುಖ್ಯಸ್ಥ. ಸಂಬಳವಿಲ್ಲದೆಯೇ ದುಡಿಯುವೆನೆಂದು ಬಿನೆ ಮುಂದೆ ಬಂದನು. ಕೆಲವೇ ವರ್ಷಗಳಲ್ಲಿ ಆ ಪ್ರಯೋಗಶಾಲೆಯ ನಿರ್ದೇಶಕನಾಗಿ, ಸಾಯುವವರೆಗೂ ಆ ಸ್ಥಾನದಲ್ಲಿದ್ದನು. 1894ರಲ್ಲಿ ಕೀಟಗಳ ನರಮಂಡಲದ ಮೇಲೆ ಪ್ರಬಂಧ ಬರೆದು ಡಾಕ್ಟರ್ ಪದವಿ ಗಳಿಸಿದನು. ಮರುವರ್ಷ ಫ್ರೆಂಚ್ ಭಾಷೆಯಲ್ಲಿ ಮನಶ್ಶಾಸ್ತ್ರಕ್ಕೆಂದೇ ಒಂದು ವಾರ್ಷಿಕ ಪತ್ರಿಕೆಯನ್ನು ಆರಂಭಿಸಿದನು. ಮನಸ್ಸಿನಲ್ಲಿಯೇ ಲೆಕ್ಕ ಮಾಡುವ ಗಣಿತಚತುರರನ್ನೂ, ಮಣೆಯನ್ನು ನೋಡದೆ ಚದುರಂಗ ಆಡುವವರನ್ನೂ ಕರೆಸಿ ಪರೀಕ್ಷಿಸಿದನು. ಇಷ್ಟೆಲ್ಲ ಮಾಡಿದರೂ ಪ್ಯಾರಿಸ್ಸಿನಲ್ಲಿ ಪ್ರಾಧ್ಯಾಪಕ ಪೀಠವೊಂದು ಅವನಿಗೆ ದಕ್ಕಲಿಲ್ಲ. ಕಾಲೇಜ್ ದ ಫ್ರಾನ್ಸಿನಲ್ಲಿ ರಿಬೋನ ಪೀಠ ತೆರವಾದಾಗ ಅದು ಜಾನೆಗೆ ಹೋಯಿತು. ಶಿಷ್ಯಪರಂಪರೆ ಇಲ್ಲದವನಿಗೆ ಶಾಲೆಯ ಮಕ್ಕಳೇ ಪರಿವಾರವಾದರು.

ಆ ಕಾಲದಲ್ಲಿ ತಲೆಬುರುಡೆಯನ್ನು ಅಳೆದು ಬುದ್ಧಿಯನ್ನು ನಿರ್ಣಯಿಸುವ ವಿದ್ಯೆಗೆ ಫ್ರಾನ್ಸಿನಲ್ಲಿ ಬಹಳ ಮರ್ಯಾದೆಯಿದ್ದಿತು. ಬಿನೆಯೂ ಅಳತೆಯ ಉಪಕರಣ ಹಿಡಿದು ಶಾಲೆಯಿಂದ ಶಾಲೆಗೆ ಅಲೆದನು. ಉಪಾಧ್ಯಾಯರು ಬುದ್ಧಿವಂತರೆಂದ ಮಕ್ಕಳನ್ನೂ ದಡ್ಡರೆಂದ ಮಕ್ಕಳನ್ನೂ ಅಳೆದು ನೋಡಿದಾಗ ಕಂಡ ವ್ಯತ್ಯಾಸ ಬಲು ಅಲ್ಪ. ಅದಕ್ಕಿಂತಲೂ ಅವನನ್ನು ಬೆಚ್ಚಿಸಿದುದು ಇನ್ನೊಂದು. ದಡ್ಡನ ತಲೆ ಚಿಕ್ಕದಾಗಿರಬೇಕೆಂಬ ನಿರೀಕ್ಷೆಯು ತನಗೆ ಅರಿವಿಲ್ಲದೆಯೇ ತನ್ನ ಕೈಬೆರಳುಗಳಿಗೆ ಇಳಿಯಬಹುದೆಂಬುದನ್ನು ಅವನು ಕಂಡುಕೊಂಡನು. ಸಾಲ್ಪೆಟ್ರಿಯೇರಿನ ಅಯಸ್ಕಾಂತವನ್ನು ಅವನು ಮರೆತಿರಲಿಲ್ಲ. ಆ ದಾರಿಯನ್ನು ಬಿಟ್ಟುಬಿಟ್ಟನು.

ಹೊಸ ದಾರಿಯನ್ನು ತೆರೆದುದು ಒಂದು ಕಾನೂನು. 1882ರಲ್ಲಿ ಫ್ರಾನ್ಸಿನಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾದುದರಿಂದ, ಅದುವರೆಗೆ ಶಾಲೆಯ ಮುಖ ಕಾಣದಿದ್ದ ಮಕ್ಕಳೆಲ್ಲ ತರಗತಿಗೆ ಬಂದರು. ಎಲ್ಲರಂತೆ ಕಲಿಯಲಾರದ ಕೆಲವರು ಅವರಲ್ಲಿದ್ದರು. ಇವರನ್ನು ಏನು ಮಾಡಬೇಕೆಂಬುದನ್ನು ಆಲೋಚಿಸಲು 1904ರಲ್ಲಿ ಶಿಕ್ಷಣ ಮಂತ್ರಿಗಳು ಒಂದು ಆಯೋಗವನ್ನು ನೇಮಿಸಿದರು. ಬಿನೆ ಅದರ ಸದಸ್ಯ. ಪರೀಕ್ಷೆಯಿಲ್ಲದೆ ಯಾವ ಮಗುವನ್ನೂ ಸಾಮಾನ್ಯ ಶಾಲೆಯಿಂದ ತೆಗೆದು ವಿಶೇಷ ಶಾಲೆಗೆ ಕಳಿಸಬಾರದೆಂದು ಆಯೋಗ ನಿರ್ಣಯಿಸಿತು. ನಿರ್ಣಯವೇನೋ ಒಳ್ಳೆಯದು, ಆದರೆ ಆ ಪರೀಕ್ಷೆ ಯಾವುದು? ಅಂದಿನ ವೈದ್ಯರು ಬುದ್ಧಿಮಾಂದ್ಯವನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿದ್ದರು. ಬಿನೆಯೂ ಅವನ ಕಿರಿಯ ಸಹಾಯಕ, ವೈದ್ಯ ಸಿಮೋನನೂ ಒಂದೇ ರೋಗಿಗೆ ಬೇರೆಬೇರೆ ಆಸ್ಪತ್ರೆಗಳು ಕೊಟ್ಟಿದ್ದ ನೂರಾರು ಪ್ರಮಾಣಪತ್ರಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರು. ಒಂದು ಪತ್ರದಲ್ಲಿ ಕೆಳಗಿನ ಮೆಟ್ಟಿಲಿನಲ್ಲಿದ್ದವನು ಇನ್ನೊಂದರಲ್ಲಿ ಮೇಲಿನ ಮೆಟ್ಟಿಲಿನಲ್ಲಿದ್ದನು. ಚೀಟಿ ಎತ್ತಿ ಬರೆದಿದ್ದರೂ ಅದಕ್ಕಿಂತ ಹೆಚ್ಚಿನ ಗೊಂದಲವಾಗುತ್ತಿರಲಿಲ್ಲ. ಒಂದು ಮಗುವಿನ ಬಾಳಿನ ದಾರಿಯನ್ನೇ ತಿರುಗಿಸಿಬಿಡುವ ಪತ್ರಗಳು ಅವು!

ಹೀಗೆ 1905ರಲ್ಲಿ ಬಿನೆ-ಸಿಮೋನ್ ಮಾಪಕ ಹುಟ್ಟಿತು. ಸುಲಭದಿಂದ ಕಠಿನಕ್ಕೆ ಏರುವ ಮೂವತ್ತು ಪರೀಕ್ಷೆಗಳು ಅದರಲ್ಲಿದ್ದವು. ಮೊದಲನೆಯದು, ಕಣ್ಣ ಮುಂದೆ ಸುಳಿದಾಡಿಸುವ ಉರಿಯುವ ಬೆಂಕಿಕಡ್ಡಿಯನ್ನು ನೋಟದಿಂದ ಹಿಂಬಾಲಿಸುವುದು. ಮುಂದೆ, ಒಂದೇ ಗಾತ್ರದ ಚಾಕೊಲೇಟು ಮತ್ತು ಮರದ ತುಂಡುಗಳಲ್ಲಿ ತಿನ್ನುವುದು ಯಾವುದೆಂದು ಗುರುತಿಸುವುದು. ಕಾಗದದಲ್ಲಿ ಸುತ್ತಿದ ಮಿಠಾಯಿಯನ್ನು ಬಿಚ್ಚಿ ತಿನ್ನುವುದು. ಚಿತ್ರದಲ್ಲಿರುವ ವಸ್ತುಗಳನ್ನು ಹೆಸರಿಸುವುದು. ಮೂರು ಅಂಕೆಗಳನ್ನು ಕೇಳಿ ಹಾಗೆಯೇ ಹೇಳುವುದು. ಎರಡು ತೂಕಗಳಲ್ಲಿ ಭಾರವಾದುದನ್ನು ಆರಿಸುವುದು. ಕೊನೆಯದು, ಬೇಸರಕ್ಕೂ ದುಃಖಕ್ಕೂ ಭೇದವೇನೆಂಬಂಥ ಸೂಕ್ಷ್ಮವಾದ ಪ್ರಶ್ನೆ. ನಡುವೆ ಹದಿಮೂರನೆಯದೊಂದಿದೆ, ಅದನ್ನು ಕಂಡಾಗ ನನಗೆ ಬಿನೆಯ ಗತಜೀವನವೆಲ್ಲ ಕಣ್ಣಮುಂದೆ ನಿಂತಿತು. ಚಿತ್ರದಲ್ಲಿ ಇಲ್ಲದ ವಸ್ತುವೊಂದನ್ನು ತೋರಿಸೆಂದು ಮಗುವನ್ನು ಕೇಳುವ ಪರೀಕ್ಷೆಯದು. ದೊಡ್ಡವರು ಕೇಳಿದರೆಂಬ ಕಾರಣದಿಂದ ಮಗು ಇಲ್ಲದುದನ್ನು ತೋರಿಸುತ್ತದೆಯೆ? ಆದರೆ ಹೀಗೆ ಸೂಚನೆಗೆ ಒಳಗಾಗುವುದು ಬುದ್ಧಿಮಾಂದ್ಯದ ಲಕ್ಷಣವೇನಲ್ಲ, ಬುದ್ಧಿವಂತರೂ ಅದಕ್ಕೆ ಬಲಿಯಾಗುವರೆಂದು ಬಿನೆ ಎಚ್ಚರಿಸುವುದನ್ನು ಮರೆಯಲಿಲ್ಲ.

ಶಾಲೆಯಲ್ಲಿ ಕಲಿತ ಪಾಠವನ್ನಲ್ಲ, ಸಹಜವಾದ ವಿವೇಚನೆಯನ್ನು ಅಳೆಯಬೇಕೆಂಬುದು ಅವನ ಗುರಿ. ಪರೀಕ್ಷೆ ನಡೆಯುವ ಕೋಣೆ ನಿಶ್ಶಬ್ದವಾಗಿರಬೇಕು. ಮಗುವನ್ನು ಪ್ರೀತಿಯಿಂದ ಬರಮಾಡಿಕೊಳ್ಳಬೇಕು, ಹುರಿದುಂಬಿಸಬೇಕು. ಆದರೆ ಉತ್ತರದ ಸುಳಿವನ್ನು ಮಾತಿನಿಂದಾಗಲಿ ಮುಖಭಾವದಿಂದಾಗಲಿ ಕೊಡಬಾರದು. 1908ರಲ್ಲಿ ಪ್ರಶ್ನೆಗಳನ್ನು ಮೂರರಿಂದ ಹದಿಮೂರು ವರ್ಷಗಳವರೆಗೆ ವಯಸ್ಸಿಗನುಗುಣವಾಗಿ ಜೋಡಿಸಿದನು. ಮೂರರ ಮಗು ಮೂಗು, ಕಣ್ಣು, ಬಾಯಿಗಳನ್ನು ತೋರಿಸಬೇಕು. ಐದರ ಮಗು ಚೌಕವನ್ನು ನೋಡಿ ಬರೆಯಬೇಕು. ಇದರಿಂದ ಮಗುವಿನ ಬುದ್ಧಿ ಯಾವ ವಯಸ್ಸಿನ ಮಟ್ಟದಲ್ಲಿದೆಯೆಂದು ಹೇಳುವುದು ಸಾಧ್ಯವಾಯಿತು. 1911ರಲ್ಲಿ ಮತ್ತೊಮ್ಮೆ ತಿದ್ದಿದನು. ಬ್ರಸೆಲ್ಸಿನ ಅನುಕೂಲಸ್ಥರ ಮಕ್ಕಳು ಈ ಪರೀಕ್ಷೆಯಲ್ಲಿ ಪ್ಯಾರಿಸ್ಸಿನ ಬಡಮಕ್ಕಳಿಗಿಂತ ಸುಮಾರು ಒಂದೂವರೆ ವರ್ಷ ಮುಂದಿದ್ದುದು ಅಷ್ಟರಲ್ಲಿ ತಿಳಿದಿದ್ದಿತು. ಮನೆಯ ಮಾತು, ಮನೆಯ ಸಂಸ್ಕಾರ, ಮನೆಯ ಅನುಕೂಲ ಇವು ಅಳತೆಯೊಳಗೆ ನುಸುಳುತ್ತವೆಂಬುದನ್ನು ಅವನು ಮರೆಮಾಚಲಿಲ್ಲ. ತನ್ನ ಅಳತೆಗೋಲು ಬಟ್ಟೆ ಅಳೆಯುವ ಗಜಕಡ್ಡಿಯಂಥದಲ್ಲವೆಂದು ಮತ್ತೆಮತ್ತೆ ನೆನಪಿಸಿದನು.

ಅಳೆದ ಮೇಲೆ ಏನು? ಬಿನೆಯನ್ನು ಉಳಿದ ಬುದ್ಧಿಮಾಪಕರಿಂದ ಬೇರ್ಪಡಿಸುವುದು ಈ ಪ್ರಶ್ನೆಯೇ. ಹುಟ್ಟಿನಿಂದ ಬಂದ ಬುದ್ಧಿ ಸಾಯುವವರೆಗೂ ಅಷ್ಟೇ ಎಂಬ ಮಾತನ್ನು ಕೇಳಿದರೆ ಅವನಿಗೆ ಕೋಪ ಬರುತ್ತಿದ್ದಿತು. 1909ರಲ್ಲಿ ಮಕ್ಕಳನ್ನು ಕುರಿತು ಅವನು ಬರೆದ ಪುಸ್ತಕದಲ್ಲಿ ಆ ಕ್ರೂರವಾದ ನಿರಾಶೆಯನ್ನು ಖಂಡಿಸಿದನು. ಬಾಗಿದ ಬೆನ್ನನ್ನು ವ್ಯಾಯಾಮವು ನೆಟ್ಟಗೆ ಮಾಡುವಂತೆ, ಮನಸ್ಸಿಗೂ ವ್ಯಾಯಾಮ ಸಾಧ್ಯವೆಂದನು. ವಿಶೇಷ ತರಗತಿಗಳಲ್ಲಿ ಮಕ್ಕಳು ಶಿಲಾಪ್ರತಿಮೆಗಳಂತೆ ಅಲುಗಾಡದೆ ನಿಲ್ಲುವ ಆಟ ಆಡಿದರು. ತುಂಬಿದ ನೀರಿನ ಬಟ್ಟಲನ್ನು ತುಳುಕಿಸದೆ ಒಯ್ದರು. ಕ್ಷಣಮಾತ್ರ ತೋರಿಸಿದ ವಸ್ತುಗಳನ್ನು ನೆನಪಿನಿಂದ ಬರೆದರು. ಪಾಠ ಕಲಿಯುವುದಕ್ಕೆ ಮೊದಲು, ಕಲಿಯುವುದು ಹೇಗೆಂಬುದನ್ನು ಕಲಿತರು. ಗ್ರಾಂಜ್-ಓ-ಬೆಲ್ ಬೀದಿಯ ಶಾಲೆಯಲ್ಲಿ, ಮುಖ್ಯೋಪಾಧ್ಯಾಯ ವಾನೆಯ ಸಹಕಾರದಿಂದ, 1905ರಲ್ಲಿಯೇ ಅವನು ಒಂದು ಶಿಕ್ಷಣ ಪ್ರಯೋಗಶಾಲೆಯನ್ನು ತೆರೆದಿದ್ದನು. ಅಲ್ಲಿ ಕಣ್ಣು ಕಿವಿಗಳ ಪರೀಕ್ಷೆಯೂ ನಡೆಯುತ್ತಿದ್ದಿತು. ದಡ್ಡತನವೆಂದು ತೋರುವುದು ಎಷ್ಟೋ ವೇಳೆ ಮಂದದೃಷ್ಟಿಯಷ್ಟೇ ಆಗಿರಬಹುದಲ್ಲವೆ? 1909ರ ಏಪ್ರಿಲಿನಲ್ಲಿ, ಹಿಂದುಳಿದ ಮಕ್ಕಳಿಗೆ ವಿಶೇಷ ತರಗತಿಗಳನ್ನು ಏರ್ಪಡಿಸುವ ಕಾನೂನು ಜಾರಿಗೆ ಬಂದಿತು.

ಈ ಗಂಭೀರ ವಿದ್ವಾಂಸನಿಗೆ ಇನ್ನೊಂದು ಮುಖವೂ ಇದ್ದಿತು. ಆಂದ್ರೆ ದ ಲಾರ್ಡ್ ಎಂಬ ನಾಟಕಕಾರನೊಡನೆ ಸೇರಿ ಅವನು ಭಯಾನಕ ರಸದ ನಾಟಕಗಳನ್ನು ಬರೆಯುತ್ತಿದ್ದನು. ಹುಚ್ಚು, ಭ್ರಾಂತಿ, ಕೊಲೆ ಅವುಗಳ ವಸ್ತು. ಬಾಲ್ಯದಲ್ಲಿ ಹೆಣ ಕಂಡು ಬೆದರಿದವನು ಆ ಬೆದರಿಕೆಯನ್ನು ರಂಗದ ಮೇಲೆ ತಂದನೇನೋ ಎಂದು ನನಗೆ ಅನ್ನಿಸುತ್ತದೆ. 1911ರ ಅಕ್ಟೋಬರ್ 18ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಅವನು ತೀರಿಕೊಂಡನು.

ಅವನು ಸತ್ತ ಬಳಿಕ ಅವನ ಅಳತೆಗೋಲು ಅವನ ಕೈತಪ್ಪಿತು. 1912ರಲ್ಲಿ ಜರ್ಮನಿಯ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸಿದನು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ನೂರರಿಂದ ಗುಣಿಸಿ, ಇಂದು ಎಲ್ಲರ ಬಾಯಲ್ಲಿರುವ ಬುದ್ಧಿಲಬ್ಧವೆಂಬ ಅಂಕಿಯನ್ನು ಪ್ರಚಾರಕ್ಕೆ ತಂದನು. ಬಿನೆಯ ಪರೀಕ್ಷೆಯನ್ನು ಅಮೆರಿಕಕ್ಕೆ ಒಯ್ದ ಗಾಡರ್ಡ್, ಬುದ್ಧಿಯೆಂಬುದು ಹುಟ್ಟಿನೊಡನೆ ಬಂದ ಒಂದೇ ವಸ್ತುವೆಂದು ನಂಬಿದ್ದನು. ಹಡಗಿನಿಂದ ಆಗತಾನೆ ಇಳಿದು, ದಣಿದು ದಿಗಿಲುಗೊಂಡಿದ್ದ ವಲಸೆಗಾರರನ್ನು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅವನ ಸಹಾಯಕರು ದುಭಾಷಿಗಳ ಮೂಲಕ ಪರೀಕ್ಷಿಸಿ, ಬಹುಮಂದಿಯನ್ನು ಮಂದಮತಿಗಳೆಂದು ಎಣಿಸಿದರು. 1927ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ವರ್ಜೀನಿಯದ ಒಬ್ಬ ಯುವತಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದಕ್ಕೆ ಸಮ್ಮತಿಯಿತ್ತಿತು. ಅವಳೂ ಅವಳ ತಾಯಿಯೂ ಮಂದಬುದ್ಧಿಯವರೆಂಬುದಕ್ಕೆ ಒದಗಿಸಿದ ಸಾಕ್ಷ್ಯದಲ್ಲಿ ಮಾನಸಿಕ ವಯಸ್ಸಿನ ಲೆಕ್ಕವೂ ಇದ್ದಿತು. ಮಗುವನ್ನು ಕಾಪಾಡಲು ಕಟ್ಟಿದ ಬೇಲಿ ಮನುಷ್ಯರನ್ನು ಕೂಡಿಹಾಕುವ ದೊಡ್ಡಿಯಾಯಿತು. ಮರುವರ್ಷ ಗಾಡರ್ಡ್ ತನ್ನ ಅಭಿಪ್ರಾಯಗಳನ್ನು ಬಹುಮಟ್ಟಿಗೆ ಹಿಂದಕ್ಕೆ ತೆಗೆದುಕೊಂಡನು; ಆದರೆ ಆದ ಕೇಡು ಆಗಿಹೋಗಿದ್ದಿತು. ದೀರ್ಘಕಾಲ ಬದುಕಿದ್ದ ಸಿಮೋನ್ ಈ ಅಂಕಿಯನ್ನು ತಮ್ಮ ಉದ್ದೇಶಕ್ಕೆ ಬಗೆದ ದ್ರೋಹವೆಂದೇ ಭಾವಿಸಿದನು.

ಬಿನೆಯ ದಾರಿ ನಮ್ಮ ನಾಡಿಗೂ ಬಂದಿದೆ. ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಆ ಮಾಪಕವನ್ನು ಹೊಸದಾಗಿ ಅಳವಡಿಸಿ, 1934ರಲ್ಲಿ ಬ್ರಿಟಿಷ್ ಶಿಕ್ಷಣ ಮನಶ್ಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1940ರಲ್ಲಿ ಅದು ಪುಸ್ತಕವಾಯಿತು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ದಶಕಗಳ ಕಾಲ ಭಾರತದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದಿತು. ವೃದ್ಧಾಪ್ಯದಲ್ಲಿ ಕುಂದುವ ನೆನಪನ್ನು ಶೋಧಿಸುವುದಕ್ಕೆ 1975ರಲ್ಲಿ ಫೋಲ್‌ಸ್ಟೀನ್ ದಂಪತಿಗಳು ಸಹೋದ್ಯೋಗಿಯೊಡನೆ ರಚಿಸಿದ ಸಂಕ್ಷಿಪ್ತ ಪರೀಕ್ಷೆಯೂ ಬಿನೆಯ ಬಳಗಕ್ಕೆ ಸೇರಿದುದೇ. ಇಂದು ಯಾವ ದಿನ, ಈಗ ಹೇಳಿದ ಮೂರು ಪದಗಳು ಯಾವುವು, ನೂರರಿಂದ ಏಳೇಳನ್ನು ಕಳೆಯುತ್ತ ಹೋಗಿ, ಈ ಚಿತ್ರವನ್ನು ನೋಡಿ ಬರೆಯಿರಿ. ಲೇಖನಿಯನ್ನೇ ಹಿಡಿಯದ ಹಳ್ಳಿಯ ಅಜ್ಜಿಗೆ ಚಿತ್ರ ಬರೆಯೆಂದರೆ ಅವಳ ಮರೆವನ್ನು ಅಳೆದಂತಾಯಿತೆ, ಅವಳ ಬಡತನವನ್ನು ಅಳೆದಂತಾಯಿತೆ? ಈ ಅಡಚಣೆಯನ್ನು ಕಂಡೇ, ಹರಿಯಾಣದ ಬಲ್ಲಭಗಢದ ಓದುಬರಹವಿಲ್ಲದ ಹಿರಿಯರಿಗಾಗಿ ಅದನ್ನು ಹಿಂದಿಯಲ್ಲಿ ಬೇರೆ ರೀತಿಯಲ್ಲಿ ರೂಪಿಸಿ, 1995ರಲ್ಲಿ ಪ್ರಕಟಿಸಬೇಕಾಯಿತು. ಬ್ರಸೆಲ್ಸ್ ಮತ್ತು ಪ್ಯಾರಿಸ್ಸಿನ ಮಕ್ಕಳ ನಡುವೆ ಬಿನೆ ಕಂಡ ಅಂತರದ ಪಾಠವೇ ಇದು.

ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಬಿನ್ನಹವಿದೆ. ನಿಮ್ಮ ತರಗತಿಯ ಮಗುವೊಂದರ ವಿಷಯವಾಗಿ ಪರೀಕ್ಷಕರಿಂದ ಅಂಕಿ ಬರೆದ ಕಾಗದವೊಂದು ಬಂದರೆ, ಅದನ್ನು ತಿರಸ್ಕರಿಸಬೇಡಿ. ಊಹೆಗಿಂತ ಪರೀಕ್ಷೆ ಮೇಲೆಂಬುದಕ್ಕಾಗಿಯೇ ಬಿನೆ ದುಡಿದುದು. ಆದರೆ ಆ ಕಾಗದವನ್ನು ಕೈಯಲ್ಲಿ ಹಿಡಿದು ಕೆಲವು ಪ್ರಶ್ನೆಗಳನ್ನು ಕೇಳಿರಿ. ಪರೀಕ್ಷೆ ಮಗುವಿನ ಮನೆಮಾತಿನಲ್ಲಿ ನಡೆಯಿತೆ? ಮಗುವಿನ ಕಣ್ಣು ಕಿವಿಗಳನ್ನು ಯಾರಾದರೂ ನೋಡಿದರೆ? ನಾಳೆಯಿಂದ ಈ ಮಗುವಿಗೆ ಏನನ್ನು, ಹೇಗೆ ಕಲಿಸಬೇಕೆಂಬುದು ಇದರಲ್ಲಿ ಬರೆದಿದೆಯೆ? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಪರೀಕ್ಷೆ ಇನ್ನೂ ಮುಗಿದಿಲ್ಲವೆಂದು ತಿಳಿದು, ಅದನ್ನು ಪರೀಕ್ಷಕರಿಗೆ ಮರಳಿ ಕಳಿಸಿರಿ.